ಡಿಜಿಟಲ್ ಪ್ರದರ್ಶನದ ನಕ್ಷೆ ಸರಿಯಾದ ಜಾಗದಲ್ಲಿ ತೆರೆಯಲು ಏನು ಮಾಡಬೇಕು?

ಫೋಟೊ ಹಾಕಿದ್ದಾಯಿತು, ಬರಹ ಸೇರಿಸಿದ್ದಾಯಿತು, ನಕ್ಷೆಯನ್ನೂ ಕೂಡಿಸಿದ್ದಾಯಿತು. ಆದರೆ ಪುಟ ತೆರೆದರೆ ನಮ್ಮೂರಿನ ಬದಲು ಇಡೀ ಪ್ರಪಂಚ ಕಾಣುತ್ತದೆ. ಇಲ್ಲವೇ ಒಂದೇ ಗುಡಿಯ ಛಾವಣಿ ಪರದೆ ತುಂಬ ಬಂದು ನಿಲ್ಲುತ್ತದೆ, ಅದು ಯಾವ ಊರು ಅಂತ ಗೊತ್ತಾಗುವುದಿಲ್ಲ. ಇದನ್ನು ಸರಿ ಮಾಡುವುದು ಹೇಗೆ ಎಂದು ತುಂಬ ಜನ ಕೇಳುತ್ತಿದ್ದೀರಿ. ಊರಿನ ಶಾಸನಗಳ ಸಂಗ್ರಹ ಮಾಡಿದವರು ಕೇಳಿದ್ದೀರಿ, ಶಾಲೆಯ ಇತಿಹಾಸ ಮಾಡಿದವರು ಕೇಳಿದ್ದೀರಿ, ಹೊರದೇಶದಲ್ಲಿ ಕನ್ನಡ ಕೂಟದ ಹಳೆಯ ಫೋಟೊಗಳನ್ನು ಜೋಡಿಸಿದವರೂ ಕೇಳಿದ್ದೀರಿ. ಹಾಗಾಗಿ ಒಂದೇ ಕಡೆ, ಮೊದಲಿನಿಂದ ಕೊನೆಯವರೆಗೆ ಬರೆಯುತ್ತಿದ್ದೇನೆ.

ಇಲ್ಲಿ ಮುಖ್ಯವಾಗಿ ಒಮೆಕಾ ಎಸ್ ಎಂಬ ತಂತ್ರಾಂಶವನ್ನು ಇಟ್ಟುಕೊಂಡು ವಿವರಿಸುತ್ತೇನೆ. ಇದು ಅಮೆರಿಕದ ವರ್ಜೀನಿಯಾದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ರಾಯ್ ರೋಸೆನ್‌ಜ್ವೈಗ್ ಕೇಂದ್ರ ಕಟ್ಟಿದ್ದು. ಉಚಿತ, ಮುಕ್ತ ತಂತ್ರಾಂಶ. ಇದರ ಹಳೆಯ ರೂಪ ಒಮೆಕಾ ಕ್ಲಾಸಿಕ್ 2008ರಲ್ಲಿ ಬಂತು, ಒಮೆಕಾ ಎಸ್ 2017ರಲ್ಲಿ. ಕ್ಲಾಸಿಕ್ ಮತ್ತು ಅದಕ್ಕೆ ಬೇರೆಯಾಗಿ ಸೇರಿಸಿಕೊಳ್ಳುವ ನೀಟ್‌ಲೈನ್ ಎಂಬ ನಕ್ಷೆಯ ಭಾಗ ಬಳಸುವವರಿಗೆ ಕೊನೆಯ ಹತ್ತಿರ ಬೇರೆ ಭಾಗ ಇದೆ. ಆದರೂ ಮೊದಲ ಎರಡು ಹಂತ ಬಿಡಬೇಡಿ. ಅವು ಯಾವ ತಂತ್ರಾಂಶಕ್ಕಾದರೂ ಒಂದೇ.

ಮೊದಲು ಇದೊಂದು ವಿಷಯ ತಿಳಿದುಕೊಳ್ಳಿ

ನಕ್ಷೆಯ ಜಾಗ ಮತ್ತು ಜೂಮ್ ಒಂದೇ ಕಡೆ ಇರುವುದಿಲ್ಲ. ಒಮೆಕಾ ಎಸ್‌ನಲ್ಲಿ ಅದು ಎರಡು ಕಡೆ ಇರುತ್ತದೆ. ಒಂದು, ಪ್ರತಿ ಐಟಂನ ಒಳಗೆ. ಐಟಂ ಅಂದರೆ ನಿಮ್ಮ ಸಂಗ್ರಹದ ಒಂದು ವಸ್ತು: ಒಂದು ಶಾಸನ, ಒಂದು ಫೋಟೊ, ಒಂದು ಗುಡಿ. ಎರಡು, ಪ್ರದರ್ಶನದ ಪುಟದಲ್ಲಿ ನೀವು ಕೂರಿಸುವ ನಕ್ಷೆಯ ಬ್ಲಾಕ್‌ನ ಒಳಗೆ. ಬ್ಲಾಕ್ ಅಂದರೆ ಪುಟದ ಒಂದು ತುಂಡು. ಬರಹದ ಬ್ಲಾಕ್, ಚಿತ್ರದ ಬ್ಲಾಕ್, ನಕ್ಷೆಯ ಬ್ಲಾಕ್ ಹೀಗೆ. ಕ್ಲಾಸಿಕ್‌ನಲ್ಲಿ ಇದರ ಜೊತೆ ಇಡೀ ತಾಣಕ್ಕೆ ಅನ್ವಯಿಸುವ ಇನ್ನೊಂದು ಸೆಟ್ಟಿಂಗ್ ಇದೆ.

ನನಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಇಲ್ಲೇ ಇದೆ. ಐಟಂನಲ್ಲಿ ಜೂಮ್ ಬದಲಿಸಿ, ಪ್ರದರ್ಶನದ ಪುಟದಲ್ಲಿ ಯಾಕೆ ಬದಲಾಗಿಲ್ಲ ಎಂದು ನೋಡುತ್ತಾ ಕೂರುತ್ತೇವೆ. ಐಟಂನ ನೋಟ ಐಟಂನ ಪುಟಕ್ಕೆ ಮಾತ್ರ. ಬ್ಲಾಕ್‌ನ ನೋಟ ಪ್ರದರ್ಶನದ ಪುಟಕ್ಕೆ ಮಾತ್ರ. ಒಂದು ಇನ್ನೊಂದರ ಮಾತು ಕೇಳುವುದಿಲ್ಲ.

ಏನೇನು ಬೇಕು

ಒಮೆಕಾ ಎಸ್ ತಾಣದಲ್ಲಿ ಐಟಂ ಮತ್ತು ಪುಟಗಳನ್ನು ತಿದ್ದುವ ಅನುಮತಿ ಬೇಕು. ಮ್ಯಾಪಿಂಗ್ ಎಂಬ ಮಾಡ್ಯೂಲ್ ಹಾಕಿರಬೇಕು. ಮಾಡ್ಯೂಲ್ ಅಂದರೆ ಮೂಲ ತಂತ್ರಾಂಶಕ್ಕೆ ಆಮೇಲೆ ಸೇರಿಸುವ ಭಾಗ. ಅದು ಇಲ್ಲದಿದ್ದರೆ ನಕ್ಷೆಯ ಟ್ಯಾಬೇ ಕಾಣುವುದಿಲ್ಲ. ತಾಣದ ಆಡಳಿತ ನೋಡಿಕೊಳ್ಳುವವರನ್ನು ಕೇಳಿ ಹಾಕಿಸಿಕೊಳ್ಳಿ. ಇನ್ನು ಒಂದು ಕಂಪ್ಯೂಟರ್, ಒಂದು ಫೋನ್, ಒಂದು ಹಾಳೆ, ಪೆನ್ನು. ಹಾಳೆ ಪೆನ್ನು ಸುಮ್ನೆ ಹೇಳುತ್ತಿಲ್ಲ, ಎರಡನೇ ಹಂತದಲ್ಲಿ ನಿಜವಾಗಿಯೂ ಬೇಕಾಗುತ್ತದೆ.

ಉದಾಹರಣೆಗೆ ಮೂರು ಜಾಗ ಇಟ್ಟುಕೊಳ್ಳೋಣ: ಬೇಲೂರಿನ ಚನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ, ಸೋಮನಾಥಪುರದ ಕೇಶವ ದೇವಾಲಯ. 2023ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೂರು ಹೊಯ್ಸಳ ದೇವಾಲಯಗಳಿವು. ಎರಡು ಪಕ್ಕಪಕ್ಕದಲ್ಲಿವೆ, ಒಂದು ದೂರ ಇದೆ. ನಕ್ಷೆ ಹೊಂದಿಸುವಾಗ ಬರುವ ತೊಂದರೆಗಳೆಲ್ಲ ಈ ಮೂರರಲ್ಲೇ ಸಿಗುತ್ತವೆ.

ಹಂತ 1: ಪ್ರತಿ ಜಾಗದ ಅಂಕಿ ಬರೆದಿಟ್ಟುಕೊಳ್ಳಿ

ಅಕ್ಷಾಂಶ ಅಂದರೆ ಭೂಮಧ್ಯರೇಖೆಯಿಂದ ಉತ್ತರಕ್ಕೋ ದಕ್ಷಿಣಕ್ಕೋ ಎಷ್ಟು ದೂರ ಎಂಬುದು. ರೇಖಾಂಶ ಅಂದರೆ ಗ್ರೀನಿಚ್‌ನಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಎಷ್ಟು ದೂರ ಎಂಬುದು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಾಗಲಿ ಗೂಗಲ್ ಮ್ಯಾಪ್ಸ್‌ನಲ್ಲಾಗಲಿ ಕಂಪ್ಯೂಟರಿನಲ್ಲಿ ಆ ಜಾಗದ ಮೇಲೆ ಮೌಸ್‌ನ ಬಲಗುಂಡಿ ಒತ್ತಿದರೆ ಈ ಎರಡು ಅಂಕಿ ಪಡೆಯಬಹುದು. ನಮ್ಮ ಮೂರು ಜಾಗಗಳಿಗೆ ಹೀಗೆ ಬರುತ್ತದೆ:

ಬೇಲೂರು: 13.163, 75.861
ಹಳೇಬೀಡು: 13.213, 75.994
ಸೋಮನಾಥಪುರ: 12.276, 76.881

ಮೊದಲ ಅಂಕಿ ಅಕ್ಷಾಂಶ, ಎರಡನೆಯದು ರೇಖಾಂಶ. ಕರ್ನಾಟಕದ ಯಾವ ಊರಾದರೂ ಅಕ್ಷಾಂಶ ಸುಮಾರು 11.5ರಿಂದ 18.5ರ ಒಳಗೆ, ರೇಖಾಂಶ 74ರಿಂದ 78.5ರ ಒಳಗೆ ಇರುತ್ತದೆ. ಚಿಕ್ಕದು ಮೊದಲು, ದೊಡ್ಡದು ಆಮೇಲೆ. ಇಷ್ಟು ನೆನಪಿಟ್ಟರೆ ಅರ್ಧ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಈ ಹಂತದಲ್ಲೇ ಜಾಸ್ತಿ ತಪ್ಪಾಗುವುದು. ಒಂದೊಂದಾಗಿ ನೋಡೋಣ.

ಅಂಕಿ ಅದಲು ಬದಲಾಗುವುದು. 75.861 ಮೊದಲು, 13.163 ಆಮೇಲೆ ಕೊಟ್ಟರೆ ಬೇಲೂರು ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರದ ಸಮುದ್ರಕ್ಕೆ ಹೋಗುತ್ತದೆ. ಕರ್ನಾಟಕದ ಯಾವ ಊರಿನ ಅಂಕಿ ಅದಲು ಬದಲಾದರೂ ಗುರುತು ಹೋಗಿ ನಿಲ್ಲುವುದು ಅದೇ ಆಸುಪಾಸಿನಲ್ಲಿ. ನಿಮ್ಮ ಗುರುತು ನಕ್ಷೆಯ ತುತ್ತತುದಿಯಲ್ಲಿ, ಹಿಮದ ನಾಡಿನ ಬಳಿ ಕಂಡರೆ ಬೇರೇನೂ ಯೋಚಿಸಬೇಡಿ, ಅದಲು ಬದಲಾಗಿದೆ ಅಷ್ಟೇ. ಆಫ್ರಿಕಾದ ಪಶ್ಚಿಮಕ್ಕೆ, ಗಿನಿ ಕೊಲ್ಲಿಯ ನಡುನೀರಿನಲ್ಲಿ ಕಂಡರೆ ಎರಡೂ ಅಂಕಿ ಸೊನ್ನೆಯಾಗಿದೆ, ಅಂದರೆ ಆ ಖಾನೆ ಖಾಲಿ ಹೋಗಿದೆ. ಇನ್ನೊಂದು ಮಾತು: ಜಿಯೊಜೇಸನ್ ಎಂಬ ಕಡತದ ಮಾದರಿಯಲ್ಲಿ ರೇಖಾಂಶ ಮೊದಲು ಬರುತ್ತದೆ. ಅಲ್ಲಿಂದ ನಕಲು ಮಾಡಿ ತರುವಾಗ ತಿರುಗಿಸಿಕೊಳ್ಳಲೇಬೇಕು.

ನಿಮಿಷವನ್ನು ದಶಮಾಂಶ ಎಂದುಕೊಳ್ಳುವುದು. ಹಳೆಯ ಗೆಜೆಟಿಯರ್‌ಗಳಲ್ಲಿ 12 ಡಿಗ್ರಿ 58 ನಿಮಿಷ ಎಂದು ಇರುತ್ತದೆ. ಅದನ್ನು 12.58 ಎಂದು ಬರೆಯುವಂತಿಲ್ಲ. ಒಂದು ಡಿಗ್ರಿಗೆ 60 ನಿಮಿಷ. 58ನ್ನು 60ರಿಂದ ಭಾಗಿಸಿ, 12.967 ಎಂದು ಬರೆಯಬೇಕು. ನೋಡಲು ಸಣ್ಣ ವ್ಯತ್ಯಾಸ ಅನ್ನಿಸುತ್ತದೆ ಅಲ್ವಾ? ನೆಲದ ಮೇಲೆ ಅದು ಸುಮಾರು 43 ಕಿಲೋಮೀಟರ್. ಈ ತಪ್ಪು ಬೇಗ ಕಣ್ಣಿಗೆ ಬೀಳುವುದೂ ಇಲ್ಲ, ಗುರುತು ಕರ್ನಾಟಕದ ಒಳಗೇ ಇರುತ್ತದಲ್ಲ.

ಋಣ ಚಿಹ್ನೆ ಬಿಟ್ಟುಹೋಗುವುದು. ಗ್ರೀನಿಚ್‌ನ ಪಶ್ಚಿಮದ ರೇಖಾಂಶಕ್ಕೆ ಮುಂದೆ ಮೈನಸ್ ಬರುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ 37.34, -121.89. ಮೈನಸ್ ಮರೆತರೆ ನಿಮ್ಮ ಕನ್ನಡ ಕೂಟದ ಫೋಟೊ ಚೀನಾದ ಶಾನ್‌ಡಾಂಗ್‌ನಲ್ಲಿ ಕಾಣುತ್ತದೆ.

ಹೆಸರು ಹುಡುಕಿ ಸಿಕ್ಕಿದ್ದನ್ನೇ ನಂಬುವುದು. ನಕ್ಷೆಯ ಹುಡುಕು ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಬೇಲೂರು ಎಂದು ಹಾಕಿದರೆ ಪಶ್ಚಿಮ ಬಂಗಾಳದ ಬೇಲೂರು ಮಠವೂ ಬರಬಹುದು, ಎರಡರ ಕಾಗುಣಿತ ಒಂದೇ. ಹೊಸಹಳ್ಳಿ, ರಾಂಪುರ ಇಂಥ ಹೆಸರುಗಳಂತೂ ತಾಲ್ಲೂಕಿಗೆ ಒಂದೆರಡು ಇರುತ್ತವೆ. ಊರಿನ ಹೆಸರಿನ ಜೊತೆ ತಾಲ್ಲೂಕು, ಜಿಲ್ಲೆ ಸೇರಿಸಿ ಹುಡುಕಿ. ಸಿಕ್ಕ ಮೇಲೆ ಪಕ್ಕದ ಊರು, ಕೆರೆ, ರಸ್ತೆ ನೋಡಿ ಖಚಿತ ಮಾಡಿಕೊಳ್ಳಿ.

ಕನ್ನಡ ಅಂಕಿ ಬಳಸುವುದು. ಬರಹದಲ್ಲಿ ೧೨ ಎಂದು ಬರೆಯಿರಿ, ಚೆಂದವೇ. ನಕ್ಷೆಯ ಖಾನೆಯಲ್ಲಿ ಮಾತ್ರ 12 ಎಂದೇ ಇರಲಿ. ದಶಮಾಂಶಕ್ಕೆ ಚುಕ್ಕಿ, ಅಲ್ಪವಿರಾಮ ಅಲ್ಲ.

ಹಂತ 2: ಮೊದಲ ನೋಟ ಹೇಗಿರಬೇಕು ಎಂದು ಹಾಳೆಯ ಮೇಲೆ ತೀರ್ಮಾನಿಸಿ

ಎಷ್ಟೋ ಜನ ನೇರವಾಗಿ ತಂತ್ರಾಂಶ ತೆರೆದು ಪ್ಲಸ್ ಮೈನಸ್ ಒತ್ತುತ್ತಾ ಕೂರುತ್ತಾರೆ. ಅದಕ್ಕಿಂತ ಹತ್ತು ನಿಮಿಷ ಲೆಕ್ಕ ಮಾಡುವುದು ಒಳ್ಳೆಯದು.

ಜೂಮ್ ಮಟ್ಟ ಒಂದು ಅಂಕಿ. ಸೊನ್ನೆಯಲ್ಲಿ ಇಡೀ ಪ್ರಪಂಚ 256 ಪಿಕ್ಸೆಲ್ ಅಗಲದ ಒಂದೇ ಚೌಕದಲ್ಲಿ ಕೂರುತ್ತದೆ. ಪಿಕ್ಸೆಲ್ ಅಂದರೆ ಪರದೆಯ ಒಂದು ಚುಕ್ಕಿ. ಈ ಚೌಕಕ್ಕೆ ಟೈಲ್ ಎನ್ನುತ್ತಾರೆ, ನೆಲಕ್ಕೆ ಹಾಸುವ ಟೈಲ್ ಇದ್ದಂತೆಯೇ. ಒಂದು ಮಟ್ಟ ಮೇಲೆ ಹೋದರೆ ಪ್ರತಿ ಚೌಕ ನಾಲ್ಕಾಗುತ್ತದೆ. ಅಂದರೆ ಪ್ರತಿ ಮಟ್ಟಕ್ಕೂ ಎಲ್ಲವೂ ಎರಡು ಪಟ್ಟು ದೊಡ್ಡದಾಗಿ ಕಾಣುತ್ತದೆ, ಕಾಣುವ ಪ್ರದೇಶದ ಅಗಲ ಅರ್ಧಕ್ಕೆ ಇಳಿಯುತ್ತದೆ. 9ರಿಂದ 10ಕ್ಕೆ ಹೋಗುವುದು ಸಣ್ಣ ಹೆಜ್ಜೆಯಲ್ಲ.

ದಕ್ಷಿಣ ಕರ್ನಾಟಕದ ಅಕ್ಷಾಂಶದಲ್ಲಿ ಒಂದು ಪಿಕ್ಸೆಲ್ ನೆಲದ ಮೇಲೆ ಎಷ್ಟು ದೂರ ಎಂಬುದು ಹೀಗೆ ಬರುತ್ತದೆ. ಜೂಮ್ 6ರಲ್ಲಿ ಸುಮಾರು 2.4 ಕಿಲೋಮೀಟರ್. 8ರಲ್ಲಿ 600 ಮೀಟರ್. 9ರಲ್ಲಿ 300 ಮೀಟರ್. 10ರಲ್ಲಿ 150. 12ರಲ್ಲಿ 37. 14ರಲ್ಲಿ 9. 17ರಲ್ಲಿ ಒಂದು ಮೀಟರಿಗೆ ಸ್ವಲ್ಪ ಜಾಸ್ತಿ. ಇದನ್ನು ನಿಮ್ಮ ನಕ್ಷೆಯ ಪೆಟ್ಟಿಗೆಯ ಅಗಲ, ಎತ್ತರದಿಂದ ಗುಣಿಸಿ. ಪೆಟ್ಟಿಗೆ 800 ಪಿಕ್ಸೆಲ್ ಅಗಲ, 400 ಪಿಕ್ಸೆಲ್ ಎತ್ತರ ಎಂದಿಟ್ಟುಕೊಳ್ಳಿ. ಜೂಮ್ 14ರಲ್ಲಿ ಏಳೂವರೆ ಕಿಲೋಮೀಟರ್ ಅಗಲ ಕಾಣುತ್ತದೆ, ಒಂದು ಸಣ್ಣ ಊರಿಗೆ ಸಾಕು. 17ರಲ್ಲಿ ಸುಮಾರು 900 ಮೀಟರ್, ಒಂದು ದೇವಾಲಯದ ಆವರಣ ಮತ್ತು ಸುತ್ತಲಿನ ಬೀದಿ. ಇಡೀ ಕರ್ನಾಟಕ ಬೇಕೆಂದರೆ 7 ಸಾಲದು. ನಮ್ಮ ರಾಜ್ಯ ಉತ್ತರ ದಕ್ಷಿಣವಾಗಿ 750 ಕಿಲೋಮೀಟರಿಗಿಂತ ಉದ್ದ ಇದೆ, ಅಡ್ಡ ಪೆಟ್ಟಿಗೆಯ 400 ಪಿಕ್ಸೆಲ್ ಎತ್ತರಕ್ಕೆ ಅದು 6ರಲ್ಲಿ ಮಾತ್ರ ಹಿಡಿಯುತ್ತದೆ.

ಈಗ ನಮ್ಮ ಮೂರು ದೇವಾಲಯ. ನಡುಬಿಂದು ಎಲ್ಲಿಡಬೇಕು? ಮೂರೂ ಅಂಕಿ ಕೂಡಿಸಿ ಮೂರರಿಂದ ಭಾಗಿಸಬೇಡಿ. ಬೇಲೂರು, ಹಳೇಬೀಡು ಹತ್ತಿರ ಇರುವುದರಿಂದ ಸರಾಸರಿ ಆ ಕಡೆಗೆ ಎಳೆಯುತ್ತದೆ. ಅಕ್ಷಾಂಶ 12.884 ಬರುತ್ತದೆ. ಅಲ್ಲಿಂದ ಸೋಮನಾಥಪುರ ದಕ್ಷಿಣಕ್ಕೆ 67 ಕಿಲೋಮೀಟರ್. ಜೂಮ್ 9ರಲ್ಲಿ ಪೆಟ್ಟಿಗೆಯ ಅರ್ಧ ಎತ್ತರ 60 ಕಿಲೋಮೀಟರ್ ಮಾತ್ರ. ಹಾಗಾಗಿ ಸೋಮನಾಥಪುರ ಚೌಕಟ್ಟಿನ ಆಚೆ ಹೋಗುತ್ತದೆ. ಸರಿಯಾದ ದಾರಿ ಅಂಚಿನ ಊರುಗಳನ್ನು ನೋಡುವುದು. ಎಲ್ಲಕ್ಕಿಂತ ಉತ್ತರದ ಅಕ್ಷಾಂಶ 13.213, ದಕ್ಷಿಣದ್ದು 12.276. ಎರಡರ ನಡು 12.745. ಪಶ್ಚಿಮದ ರೇಖಾಂಶ 75.861, ಪೂರ್ವದ್ದು 76.881. ನಡು 76.371. ಇದು ಚನ್ನರಾಯಪಟ್ಟಣದ ದಕ್ಷಿಣಕ್ಕೆ ಬರುತ್ತದೆ. ಅಲ್ಲಿ ನಿಮ್ಮ ಗುರುತು ಯಾವುದೂ ಇಲ್ಲ, ಇರಬೇಕಾಗಿಯೂ ಇಲ್ಲ.

ಇನ್ನು ಜೂಮ್. ಮೂರು ಊರು ಹರಡಿರುವುದು ಅಡ್ಡಕ್ಕೆ ಸುಮಾರು 111 ಕಿಲೋಮೀಟರ್, ಉದ್ದಕ್ಕೆ 104. ಜೂಮ್ 9ರಲ್ಲಿ 400 ಪಿಕ್ಸೆಲ್ ಎತ್ತರಕ್ಕೆ 119 ಕಿಲೋಮೀಟರ್ ಹಿಡಿಯುತ್ತದೆ. ಲೆಕ್ಕದಲ್ಲಿ ಸಾಕು ಅನ್ನಿಸುತ್ತದೆ. ಆದರೆ ಮೇಲೆ ಉಳಿಯುವ ಜಾಗ ಸುಮಾರು 25 ಪಿಕ್ಸೆಲ್. ನಕ್ಷೆಯ ಮೇಲಿನ ನೀಲಿ ಗುರುತಿಗೆ ಮಾರ್ಕರ್ ಎನ್ನುತ್ತಾರೆ, ಅದರ ಎತ್ತರ 41 ಪಿಕ್ಸೆಲ್. ಹಳೇಬೀಡಿನ ಮಾರ್ಕರ್‌ನ ತಲೆ ಕತ್ತರಿಸಿಹೋಗುತ್ತದೆ. 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಇನ್ನೂ ಕಷ್ಟ. ಅಲ್ಲಿ ಜೂಮ್ 9ಕ್ಕೆ 107 ಕಿಲೋಮೀಟರ್ ಮಾತ್ರ ಕಾಣುತ್ತದೆ, ನಮಗೆ ಬೇಕಾದ್ದು 111. ಬೇಲೂರು, ಸೋಮನಾಥಪುರ ಎರಡೂ ಅಂಚಿಗೆ ಸಿಕ್ಕಿ ಅರ್ಧ ಕಾಣೆಯಾಗುತ್ತವೆ. ಆದ್ದರಿಂದ ಇಲ್ಲಿ 8 ಸರಿ. ಸುತ್ತ ಸ್ವಲ್ಪ ಖಾಲಿ ಇರುತ್ತದೆ, ಹಾಸನವೂ ಮೈಸೂರೂ ಕಾಣುತ್ತವೆ. ನೋಡುವವರಿಗೆ ಇದು ಯಾವ ಸೀಮೆ ಎಂದು ಗೊತ್ತಾಗಲು ಆ ಊರುಗಳು ಬೇಕೇ ಬೇಕು.

ಲೆಕ್ಕ ಬೇಸರ ಎನ್ನುವವರಿಗೆ ಒಂದು ಸುಲಭದ ದಾರಿ. ಓಪನ್‌ಸ್ಟ್ರೀಟ್‌ಮ್ಯಾಪ್ ತಾಣ ತೆರೆದು ನಕ್ಷೆಯನ್ನು ನಿಮಗೆ ಬೇಕಾದಂತೆ ಎಳೆದು ನಿಲ್ಲಿಸಿ. ಬ್ರೌಸರಿನ ಮೇಲಿನ ವಿಳಾಸದಲ್ಲಿ 8/12.745/76.371 ಎಂಬಂತೆ ಮೂರು ಅಂಕಿ ಕಾಣುತ್ತವೆ. ಮೊದಲನೆಯದು ಜೂಮ್, ಎರಡನೆಯದು ಅಕ್ಷಾಂಶ, ಮೂರನೆಯದು ರೇಖಾಂಶ. ಅದನ್ನೇ ಬರೆದುಕೊಳ್ಳಿ.

ಹಂತ 3: ಐಟಂನಲ್ಲಿ ಮಾರ್ಕರ್ ಇಡಿ

ಒಮೆಕಾ ಎಸ್ ಆಡಳಿತ ಪುಟದಲ್ಲಿ ಐಟಂ ತೆರೆದು ತಿದ್ದುವ ಪೆನ್ಸಿಲ್ ಒತ್ತಿ. ಮೇಲಿನ ಟ್ಯಾಬ್‌ಗಳಲ್ಲಿ ಮ್ಯಾಪಿಂಗ್ ಎಂಬುದಕ್ಕೆ ಹೋಗಿ. ಮಾರ್ಕರ್ ಗುಂಡಿ ಒತ್ತಿ, ನಕ್ಷೆಯ ಮೇಲೆ ಜಾಗದಲ್ಲಿ ಕ್ಲಿಕ್ ಮಾಡಿ. ಮೊದಲು ಚೆನ್ನಾಗಿ ಹತ್ತಿರ ಹೋಗಿ, ಆಮೇಲೆ ಇಡಿ. ಜೂಮ್ 8ರಲ್ಲೇ ನಿಂತು ಕ್ಲಿಕ್ ಮಾಡಿದರೆ ಒಂದು ಪಿಕ್ಸೆಲ್ ತಪ್ಪಿದರೂ ನೆಲದ ಮೇಲೆ 600 ಮೀಟರ್ ತಪ್ಪುತ್ತದೆ. ಗುಡಿ ಕೆರೆಯ ನಡುವೆ ಹೋಗಿ ಕೂರುವುದು ಹೀಗೆಯೇ. 17 ಅಥವಾ 18ಕ್ಕೆ ಹೋಗಿ ಇಟ್ಟರೆ ಬಾಗಿಲಿನ ಹತ್ತಿರವೇ ಇಡಬಹುದು.

ಮಾರ್ಕರ್ ಮೇಲೆ ಒತ್ತಿದರೆ ಹೆಸರು ಕೊಡುವ ಖಾನೆ ಬರುತ್ತದೆ. ಅಲ್ಲಿ ಕನ್ನಡದಲ್ಲೇ ಬರೆಯಿರಿ.

ನೂರಾರು ಐಟಂ ಇದ್ದರೆ ಒಂದೊಂದಾಗಿ ಇಡುವುದು ಆಗದ ಮಾತು. ಸಿಎಸ್‌ವಿ ಇಂಪೋರ್ಟ್ ಎಂಬ ಮಾಡ್ಯೂಲ್ ಬಳಸಿ, ಕೋಷ್ಟಕದಿಂದ ಅಕ್ಷಾಂಶ ರೇಖಾಂಶಗಳನ್ನು ಒಟ್ಟಿಗೆ ತರಬಹುದು. ಮೊದಲು ಐದು ಸಾಲು ಮಾತ್ರ ತಂದು ನೋಡಿ. ಐದೂ ಸರಿಯಾದ ಊರಲ್ಲಿ ನಿಂತರೆ ಉಳಿದವನ್ನು ತನ್ನಿ.

ಹಂತ 4: ಐಟಂನ ಮೊದಲ ನೋಟ ಹೊಂದಿಸಿ

ಅದೇ ಮ್ಯಾಪಿಂಗ್ ಟ್ಯಾಬ್‌ನ ನಕ್ಷೆಯ ಮೇಲೆ ಡಿಫಾಲ್ಟ್ ವ್ಯೂಗೆ ಸಂಬಂಧಿಸಿದ ಮೂರು ಪುಟ್ಟ ಗುಂಡಿಗಳಿವೆ. ಡಿಫಾಲ್ಟ್ ವ್ಯೂ ಅಂದರೆ ನಕ್ಷೆ ತೆರೆದಾಗ ತಾನಾಗಿ ಕಾಣುವ ಮೊದಲ ನೋಟ. ಮೌಸ್ ಮೇಲಿಟ್ಟರೆ ಗುಂಡಿಯ ಕೆಲಸ ಬರುತ್ತದೆ. ಒಂದು, ಈಗ ಕಾಣುತ್ತಿರುವ ನೋಟವನ್ನೇ ಮೊದಲ ನೋಟ ಮಾಡುವುದು. ಇನ್ನೊಂದು, ಈಗಾಗಲೇ ಇಟ್ಟ ನೋಟಕ್ಕೆ ಹೋಗುವುದು. ಮೂರನೆಯದು, ಅದನ್ನು ಅಳಿಸುವುದು.

ನಕ್ಷೆಯನ್ನು ಎಳೆದು, ಜೂಮ್ ಮಾಡಿ, ನಿಮಗೆ ಬೇಕಾದಂತೆ ನಿಲ್ಲಿಸಿ. ಮೊದಲ ಗುಂಡಿ ಒತ್ತಿ. ಆಮೇಲೆ ಪುಟದ ಮೇಲಿರುವ ಸೇವ್ ಒತ್ತಿ. ಎರಡನ್ನೂ ಒತ್ತಬೇಕು. ಮೊದಲ ಗುಂಡಿ ಒತ್ತಿದ ಕೂಡಲೇ ಕೆಲಸ ಮುಗಿಯಿತು ಅಂದುಕೊಂಡು ಪುಟ ಮುಚ್ಚಿಬಿಡುವವರು ಬಹಳ ಜನ.

ನೋಟ ಹೊಂದಿಸದೆ ಬಿಟ್ಟರೆ ಏನಾಗುತ್ತದೆ? ನಕ್ಷೆ ತಾನೇ ಮಾರ್ಕರ್‌ಗಳೆಲ್ಲ ಕಾಣುವಂತೆ ಹೊಂದಿಸಿಕೊಳ್ಳುತ್ತದೆ. ಹಲವು ಮಾರ್ಕರ್ ಇದ್ದಾಗ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಒಂದೇ ಮಾರ್ಕರ್ ಇದ್ದರೆ ಮಾತ್ರ ತೀರಾ ಹತ್ತಿರ ಹೋಗಿಬಿಡುತ್ತದೆ. ಛಾವಣಿ ಮಾತ್ರ ಕಾಣುವ ದೂರಿಗೆ ಕಾರಣ ಇದೇ. ಒಂದೇ ಜಾಗದ ಐಟಂಗೆ ತಪ್ಪದೆ ಮೊದಲ ನೋಟ ಇಡಿ. ಊರೂ ಕಾಣಲಿ ಎಂದರೆ 14, ಜಿಲ್ಲೆಯೊಳಗೆ ಎಲ್ಲಿ ಎಂದು ತೋರಿಸಬೇಕಾದರೆ 10. ನನ್ನ ಒಲವು ಸ್ವಲ್ಪ ದೂರದ ಕಡೆಗೇ. ಹತ್ತಿರ ಹೋಗಬೇಕೆನಿಸಿದವರು ಒಂದು ಗುಂಡಿ ಒತ್ತಿ ಹೋಗುತ್ತಾರೆ. ಗೊತ್ತಿಲ್ಲದ ಸೀಮೆಯ ಛಾವಣಿಯ ಮೇಲೆ ಇಳಿಸಿದರೆ ಅವರಿಗೆ ದಿಕ್ಕೇ ತಿಳಿಯುವುದಿಲ್ಲ.

ಇಲ್ಲಿ ಒಂದು ಒಳಗುಟ್ಟು ಇದೆ. ಒಮೆಕಾ ಎಸ್ ನೆನಪಿಡುವುದು ಜೂಮ್ ಅಂಕಿಯನ್ನಲ್ಲ, ಚೌಕಟ್ಟಿನ ನಾಲ್ಕು ಅಂಚುಗಳನ್ನು. ಇದಕ್ಕೆ ಬೌಂಡ್ಸ್ ಎನ್ನುತ್ತಾರೆ. ಪುಟ ತೆರೆದಾಗ ಆ ನಾಲ್ಕು ಅಂಚು ಒಳಗೆ ಹಿಡಿಯುವಷ್ಟು ಜೂಮ್ ಅನ್ನು ಅದೇ ಆರಿಸಿಕೊಳ್ಳುತ್ತದೆ. ಇದರಿಂದ ಲಾಭ ಏನೆಂದರೆ ಫೋನಿನಲ್ಲೂ ಯಾವ ಊರೂ ಆಚೆ ಹೋಗುವುದಿಲ್ಲ. ಸಣ್ಣ ತೊಂದರೆಯೂ ಇದೆ. ಆಡಳಿತ ಪುಟದ ನಕ್ಷೆ ದೊಡ್ಡದಾಗಿದ್ದು, ಓದುಗರು ನೋಡುವ ಪುಟದ ನಕ್ಷೆ ಚಿಕ್ಕದಾಗಿದ್ದರೆ, ನೀವು ಇಟ್ಟದ್ದಕ್ಕಿಂತ ಒಂದು ಮಟ್ಟ ದೂರದಿಂದ ತೆರೆಯುತ್ತದೆ. ಹಾಗಾದಾಗ ತಂತ್ರಾಂಶ ಕೆಟ್ಟಿದೆ ಎಂದುಕೊಳ್ಳಬೇಡಿ. ವಾಪಸ್ ಹೋಗಿ ಚೌಕಟ್ಟನ್ನು ಸ್ವಲ್ಪ ಬಿಗಿ ಮಾಡಿ, ಮತ್ತೆ ಉಳಿಸಿ.

ಹಂತ 5: ಪ್ರದರ್ಶನದ ಪುಟದ ಬ್ಲಾಕ್ ಹೊಂದಿಸಿ

ಸೈಟ್ಸ್, ಅದರಲ್ಲಿ ನಿಮ್ಮ ತಾಣ, ಅದರಲ್ಲಿ ಪೇಜಸ್, ಅಲ್ಲಿ ನಿಮ್ಮ ಪುಟ. ಬ್ಲಾಕ್ ಸೇರಿಸುವ ಪಟ್ಟಿಯಲ್ಲಿ ನಕ್ಷೆಯ ಬ್ಲಾಕ್ ಮುಖ್ಯವಾಗಿ ಎರಡು ಬಗೆಯಲ್ಲಿದೆ. ಒಂದಕ್ಕೆ ಐಟಂಗಳನ್ನು ನೀವೇ ಒಂದೊಂದಾಗಿ ಆರಿಸಿ ಸೇರಿಸಬೇಕು. ಇನ್ನೊಂದಕ್ಕೆ ಹುಡುಕಾಟದ ಷರತ್ತು ಕೊಡಬೇಕು. ಆ ಷರತ್ತಿಗೆ ಹೊಂದುವ ಐಟಂಗಳೆಲ್ಲ ತಾವಾಗಿ ಬರುತ್ತವೆ. ಮೂರು ದೇವಾಲಯಕ್ಕೆ ಮೊದಲನೆಯದು ಸಾಕು. ಸಂಗ್ರಹ ಬೆಳೆಯುತ್ತಲೇ ಇರುತ್ತದೆ ಎಂದಾದರೆ ಎರಡನೆಯದು.

ಬ್ಲಾಕ್‌ನ ಒಳಗೂ ಮೊದಲ ನೋಟ ಇಡುವ ಸಣ್ಣ ನಕ್ಷೆ ಇದೆ. ಎರಡನೇ ಹಂತದಲ್ಲಿ ಬರೆದಿಟ್ಟ ನಡುಬಿಂದು, ಜೂಮ್ ನೋಡಿಕೊಂಡು ಅದೇ ನೋಟ ಬರುವಂತೆ ಎಳೆದು ನಿಲ್ಲಿಸಿ, ಡಿಫಾಲ್ಟ್ ಮಾಡಿ, ಪುಟ ಉಳಿಸಿ. ಷರತ್ತಿನ ಬ್ಲಾಕ್‌ನಲ್ಲಿ ಒಂದು ಎಚ್ಚರಿಕೆ. ಇವತ್ತು ಹೊಂದಿಸಿದ ಚೌಕಟ್ಟು ನಾಳೆ ಸೇರುವ ಐಟಂಗೆ ದಾರಿ ಬಿಡುವುದಿಲ್ಲ. ಬಾದಾಮಿಯ ಒಂದು ಫೋಟೊ ಸೇರಿಸಿದಿರಿ ಅನ್ನಿ, ಅದರ ಮಾರ್ಕರ್ ಚೌಕಟ್ಟಿನ ಎಷ್ಟೋ ಉತ್ತರಕ್ಕೆ ಇರುತ್ತದೆ, ಯಾರಿಗೂ ಕಾಣುವುದಿಲ್ಲ. ಬೆಳೆಯುವ ಸಂಗ್ರಹಕ್ಕೆ ಮೊದಲ ನೋಟ ಇಡದೆ, ತಾನಾಗಿ ಹೊಂದಿಕೊಳ್ಳಲು ಬಿಡುವುದೇ ವಾಸಿ.

ಹಂತ 6: ಕನಿಷ್ಠ, ಗರಿಷ್ಠ ಜೂಮ್

ಬ್ಲಾಕ್‌ನಲ್ಲಿ ಇವೆರಡಕ್ಕೂ ಖಾನೆ ಇದೆ. ಕನಿಷ್ಠ ಅಂದರೆ ನೋಡುವವರು ಎಷ್ಟು ದೂರದವರೆಗೆ ಹೋಗಬಹುದು, ಗರಿಷ್ಠ ಅಂದರೆ ಎಷ್ಟು ಹತ್ತಿರ ಹೋಗಬಹುದು. ಕರ್ನಾಟಕದ ಪ್ರದರ್ಶನಕ್ಕೆ ಕನಿಷ್ಠ 5 ಅಥವಾ 6 ಇಟ್ಟರೆ ಯಾರೂ ತಪ್ಪಿ ಪೆಸಿಫಿಕ್ ಸಾಗರಕ್ಕೆ ಹೋಗುವುದಿಲ್ಲ. ಕನಿಷ್ಠವನ್ನು ಮೊದಲ ನೋಟದ ಜೂಮ್‌ಗಿಂತ ಜಾಸ್ತಿ ಇಡಬೇಡಿ. ಮೂರು ದೇವಾಲಯದ ಚೌಕಟ್ಟಿಗೆ 8 ಬೇಕು, ಕನಿಷ್ಠ 10 ಇಟ್ಟರೆ ಚೌಕಟ್ಟು ಹಿಡಿಯುವುದೇ ಇಲ್ಲ.

ಗರಿಷ್ಠವು ಬೇಸ್ ಮ್ಯಾಪ್ ಮೇಲೆ ನಿಂತಿದೆ. ಬೇಸ್ ಮ್ಯಾಪ್ ಅಂದರೆ ಮಾರ್ಕರ್‌ಗಳ ಕೆಳಗಿರುವ ಹಿನ್ನೆಲೆಯ ನಕ್ಷೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸಾಮಾನ್ಯ ನಕ್ಷೆಗೆ 19ರವರೆಗೆ ಟೈಲ್‌ಗಳಿವೆ. ಬೇರೆ ಕೆಲವು ನಕ್ಷೆಗಳು ಮೊದಲೇ ಮುಗಿದುಹೋಗುತ್ತವೆ, ಅದರಾಚೆ ಬೂದು ಬಣ್ಣದ ಖಾಲಿ ಚೌಕ ಮಾತ್ರ. ಹಳೆಯ ಕಾಲದ ನಕ್ಷೆಯನ್ನು ಮೇಲೆ ಹೊದಿಸಿದ್ದರೆ, ಅದರ ಅಕ್ಷರ ಮಸುಕಾಗುವ ಮಟ್ಟ ಕಂಡುಕೊಂಡು ಅಲ್ಲಿಗೇ ನಿಲ್ಲಿಸಿ.

ಮೌಸ್ ಗಾಲಿಯ ಜೂಮ್ ಅನ್ನೂ ಇಲ್ಲಿ ನಿಲ್ಲಿಸಬಹುದು. ಉದ್ದದ ಪುಟದ ನಡುವೆ ನಕ್ಷೆ ಇದ್ದರೆ ನಿಲ್ಲಿಸಿಯೇ ಬಿಡಿ. ಓದುತ್ತಾ ಕೆಳಗೆ ಉರುಳಿಸುವವರ ಕೈಯಲ್ಲಿ ನಕ್ಷೆ ಸಿಕ್ಕಿ ಎಲ್ಲಿಗೋ ಹೋಗುವುದು ತಪ್ಪುತ್ತದೆ. ಪ್ಲಸ್ ಮೈನಸ್ ಗುಂಡಿ ಹೇಗೂ ಇರುತ್ತದೆ.

ಹಂತ 7: ಹೊರಗಿನವರ ಕಣ್ಣಿನಿಂದ ನೋಡಿ

ನೀವು ಲಾಗಿನ್ ಆಗಿ ನೋಡಿದರೆ ಖಾಸಗಿ ಎಂದು ಗುರುತಿಸಿದ ಐಟಂಗಳೂ ಕಾಣುತ್ತವೆ. ಹೊರಗಿನವರಿಗೆ ಕಾಣುವುದಿಲ್ಲ. ಆದ್ದರಿಂದ ಬ್ರೌಸರಿನ ಖಾಸಗಿ ಕಿಟಕಿ ತೆರೆದು, ಲಾಗಿನ್ ಆಗದೆ ನೋಡಿ. ಆಮೇಲೆ ಫೋನಿನಲ್ಲಿ ನೋಡಿ, ನೆಟ್ಟಗೆ ಹಿಡಿದು ಒಮ್ಮೆ, ಅಡ್ಡ ಹಿಡಿದು ಒಮ್ಮೆ. ಪ್ರತಿ ಮಾರ್ಕರ್ ಒತ್ತಿ ಸರಿಯಾದ ಹೆಸರು ಬರುತ್ತದೆಯೇ ನೋಡಿ. ಆ ಊರಿನವರೊಬ್ಬರಿಗೆ ತೋರಿಸಿದರೆ ಇನ್ನೂ ಒಳ್ಳೆಯದು. ಮಾರ್ಕರ್ ಪಕ್ಕದ ಬೀದಿಯಲ್ಲಿದ್ದರೂ ಅವರು ತಕ್ಷಣ ಹೇಳುತ್ತಾರೆ.

ಒಮೆಕಾ ಕ್ಲಾಸಿಕ್, ನೀಟ್‌ಲೈನ್ ಬಳಸುವವರಿಗೆ

ಕ್ಲಾಸಿಕ್‌ನಲ್ಲಿ ನಕ್ಷೆಯ ಕೆಲಸ ಮಾಡುವುದು ಜಿಯೊಲೊಕೇಶನ್ ಎಂಬ ಪ್ಲಗಿನ್. ಪ್ಲಗಿನ್ ಎಂದರೂ ಮಾಡ್ಯೂಲ್ ಎಂದರೂ ಒಂದೇ ಅರ್ಥ. ಅದರ ಕಾನ್ಫಿಗರ್ ಪುಟದಲ್ಲಿ ಅಕ್ಷಾಂಶ, ರೇಖಾಂಶ, ಜೂಮ್ ಮೂರಕ್ಕೂ ನೇರ ಖಾನೆಗಳಿವೆ. ಎರಡನೇ ಹಂತದ 12.745, 76.371, 8 ಅಲ್ಲಿ ಹಾಗೇ ತುಂಬಿ. ಇಲ್ಲಿ ಉಳಿಯುವುದು ನಡುಬಿಂದು ಮತ್ತು ಜೂಮ್ ಅಂಕಿ, ನಾಲ್ಕು ಅಂಚಲ್ಲ. ಅಂದರೆ ಪರದೆ ಚಿಕ್ಕದಾದರೆ ಅಂಚಿನ ಊರು ಕತ್ತರಿಸಿಹೋಗುತ್ತದೆ, ತಂತ್ರಾಂಶ ತಾನಾಗಿ ಹಿಂದೆ ಸರಿಯುವುದಿಲ್ಲ. ನಮ್ಮ 8 ಫೋನಿನ ಅಗಲಕ್ಕೂ ಲೆಕ್ಕ ಹಾಕಿದ್ದೇ. ನಿಮ್ಮ ಜಾಗಗಳಿಗೂ ಹೀಗೆಯೇ ಫೋನಿನ ಅಗಲಕ್ಕೆ ಲೆಕ್ಕ ಹಾಕಿ, ಹಿಡಿಯದಿದ್ದರೆ ಒಂದು ಮಟ್ಟ ಕಡಿಮೆ ಇಡಿ.

ಅದೇ ಪುಟದಲ್ಲಿ ಮಾರ್ಕರ್‌ಗಳಿಗೆ ತಾನಾಗಿ ಹೊಂದಿಕೊಳ್ಳುವ ಆಯ್ಕೆಯೂ ಇದೆ. ಅದಕ್ಕೆ ಟಿಕ್ ಹಾಕಿದರೆ ಎಲ್ಲ ಐಟಂ ತೋರಿಸುವ ನಕ್ಷೆಯಲ್ಲಿ ನೀವು ತುಂಬಿದ ಅಂಕಿಗಳಿಗೆ ಬೆಲೆ ಇರುವುದಿಲ್ಲ. ಎಷ್ಟು ಸಲ ಅಂಕಿ ಬದಲಿಸಿದರೂ ನಕ್ಷೆ ಕದಲುತ್ತಿಲ್ಲ ಎಂದಾದರೆ ಮೊದಲು ಈ ಟಿಕ್ ನೋಡಿ.

ನೀಟ್‌ಲೈನ್ ವರ್ಜೀನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದ ಸ್ಕಾಲರ್ಸ್ ಲ್ಯಾಬ್ 2012ರಲ್ಲಿ ಹೊರತಂದದ್ದು, ಒಮೆಕಾ ಕ್ಲಾಸಿಕ್ ಮೇಲೆ ಕೂರುತ್ತದೆ. ಅದರಲ್ಲಿ ಫೋಕಸ್ ಮತ್ತು ಜೂಮ್ ಎಂಬ ಖಾನೆಗಳಿವೆ. ಫೋಕಸ್ ಖಾನೆಯಲ್ಲಿ ಡಿಗ್ರಿ ಇರುವುದಿಲ್ಲ, ಮೀಟರ್ ಇರುತ್ತದೆ. ನಮ್ಮ ನಡುಬಿಂದುವಿಗೆ ಸುಮಾರು 85 ಲಕ್ಷ, 14 ಲಕ್ಷ ಎಂಬಂಥ ಅಂಕಿ ಬರುತ್ತದೆ, ಅದೂ ಪೂರ್ವ ಪಶ್ಚಿಮದ ಅಂಕಿ ಮೊದಲು. ಅಲ್ಲಿ 12.745 ಎಂದು ತುಂಬಿದರೆ ನಕ್ಷೆ ಗಿನಿ ಕೊಲ್ಲಿಗೆ ಹೋಗುತ್ತದೆ. ಕೈಯಿಂದ ಏನೂ ತುಂಬಬೇಡಿ. ನಕ್ಷೆಯನ್ನು ಬೇಕಾದಂತೆ ನಿಲ್ಲಿಸಿ, ಯೂಸ್ ಕರೆಂಟ್ ವ್ಯೂಪೋರ್ಟ್ ಎಂದು ಶುರುವಾಗುವ ಗುಂಡಿ ಒತ್ತಿ, ಸೇವ್ ಮಾಡಿ. ಇಡೀ ಪ್ರದರ್ಶನಕ್ಕೆ ಒಂದು, ಪ್ರತಿ ದಾಖಲೆಗೆ ಒಂದೊಂದು ಎಂದು ಬೇರೆ ಬೇರೆ ಇಡಬೇಕು.

ಇಷ್ಟಾದರೂ ಸರಿಯಾಗದಿದ್ದರೆ

ಬದಲಾವಣೆ ಕಾಣುತ್ತಿಲ್ಲವೇ? ಬ್ರೌಸರ್ ಹಳೆಯ ಪುಟವನ್ನು ಉಳಿಸಿಕೊಂಡಿರಬಹುದು, ಇದಕ್ಕೆ ಕ್ಯಾಶ್ ಎನ್ನುತ್ತಾರೆ. ಕಂಟ್ರೋಲ್, ಶಿಫ್ಟ್, ಆರ್ ಮೂರನ್ನೂ ಒಟ್ಟಿಗೆ ಒತ್ತಿ.

ನಕ್ಷೆಯ ಒಂದು ಮೂಲೆ ಮಾತ್ರ ಬಂದು ಉಳಿದದ್ದು ಬೂದು ಬಣ್ಣವಾಗಿದೆಯೇ? ಮಡಚಿಟ್ಟ ಭಾಗದ ಒಳಗೆ ನಕ್ಷೆ ಇದ್ದಾಗ ಹೀಗಾಗುತ್ತದೆ. ಮಡಚಿದ್ದಾಗ ನಕ್ಷೆಗೆ ತನ್ನ ಅಳತೆ ಗೊತ್ತಾಗುವುದಿಲ್ಲ. ಕಿಟಕಿಯನ್ನು ಸ್ವಲ್ಪ ಹಿಗ್ಗಿಸಿ ಕುಗ್ಗಿಸಿದರೆ ಸರಿಹೋಗುತ್ತದೆ. ಶಾಶ್ವತ ಪರಿಹಾರ ಬೇಕಾದರೆ ನಕ್ಷೆಯನ್ನು ಮಡಚುವ ಭಾಗದಿಂದ ಹೊರಗೆ ತನ್ನಿ.

ಐಟಂನ ಪುಟದಲ್ಲಿ ನಕ್ಷೆಯೇ ಬರುತ್ತಿಲ್ಲವೇ? ಒಮೆಕಾ ಎಸ್ 4ರಿಂದ ಐಟಂ ಪುಟದಲ್ಲಿ ಏನೇನು ಕಾಣಬೇಕು ಎಂಬುದನ್ನು ಥೀಮ್‌ನ, ಅಂದರೆ ತಾಣದ ಹೊರರೂಪದ, ಸೆಟ್ಟಿಂಗ್‌ನಲ್ಲಿ ಆರಿಸಬೇಕು. ಅಲ್ಲಿ ಮ್ಯಾಪಿಂಗ್ ಬ್ಲಾಕ್ ಸೇರಿಸಿ.

ಕಾವಲಿಲ್ಲದ ಜಾಗಗಳ ಬಗ್ಗೆ

ಬೇಲೂರಿನ ಗುಡಿಯ ಅಂಕಿ ಎಷ್ಟು ನಿಖರವಾಗಿದ್ದರೂ ತೊಂದರೆ ಇಲ್ಲ. ಹೊಲದ ಬದುವಿನಲ್ಲಿ, ಕಾಡಿನ ಅಂಚಿನಲ್ಲಿ ಒಂಟಿಯಾಗಿ ನಿಂತ ವೀರಗಲ್ಲು, ಪಾಳುಗುಡಿಗಳ ಮಾತು ಬೇರೆ. ನಿಧಿ ಆಸೆಗೆ ಅಗೆಯುವವರಿದ್ದಾರೆ, ವಿಗ್ರಹ ಕದಿಯುವವರಿದ್ದಾರೆ. ಅಂಥ ಜಾಗಕ್ಕೆ ದಾರಿ ತೋರಿಸುವ ಕೆಲಸ ನಮ್ಮ ನಕ್ಷೆಯಿಂದ ಆಗಬಾರದು.

ಗರಿಷ್ಠ ಜೂಮ್ 11 ಇಟ್ಟೆ, ಆಯಿತು ಎಂದು ಕೆಲವರು ಅಂದುಕೊಳ್ಳುತ್ತಾರೆ. ಅದು ಸಾಲದು. ಜೂಮ್ ಮಿತಿ ಕಣ್ಣಿಗೆ ಮಾತ್ರ. ನೀವು ಇಟ್ಟ ಪೂರ್ತಿ ಅಂಕಿ ಪುಟದ ಹಿಂದೆ ಹಾಗೇ ಇರುತ್ತದೆ, ಗೊತ್ತಿರುವವರು ತೆಗೆದು ಓದಬಹುದು. ಅಂಕಿಯನ್ನೇ ಒರಟು ಮಾಡಬೇಕು. ದಶಮಾಂಶದ ನಂತರ ನಾಲ್ಕು ಸ್ಥಾನ ಇದ್ದರೆ ಸುಮಾರು 11 ಮೀಟರ್ ನಿಖರತೆ, ಎರಡೇ ಸ್ಥಾನ ಇದ್ದರೆ ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಇಂಥ ಜಾಗಗಳಿಗೆ ಎರಡು ಸ್ಥಾನಕ್ಕೆ ನಿಲ್ಲಿಸಿ, ಇಲ್ಲವೇ ಹತ್ತಿರದ ಊರಿನ ನಡುವೆ ಮಾರ್ಕರ್ ಇಡಿ. ವಿವರದಲ್ಲಿ "ಗುರುತು ಅಂದಾಜಿನದು, ಸುರಕ್ಷತೆಗಾಗಿ ನಿಖರ ಜಾಗ ತೋರಿಸಿಲ್ಲ" ಎಂದು ಒಂದು ಸಾಲು ಬರೆಯಿರಿ. ನಿಖರ ಅಂಕಿಯನ್ನು ತಾಣದ ಹೊರಗೆ, ನಿಮ್ಮ ಬಳಿಯ ಬೇರೆ ಕಡತದಲ್ಲಿ ಇಟ್ಟುಕೊಳ್ಳಿ. ಈಗಾಗಲೇ ನಿಖರ ಅಂಕಿ ಹಾಕಿದ್ದರೆ ಬೇರೆಲ್ಲ ಹಂತಗಳಿಗಿಂತ ಮೊದಲು ಅದನ್ನು ತಿದ್ದಿ.